ಸೋಲು ಕಟ್ಟಿದ ನೀಲಿ ಗ್ಯಾಲರಿ

2015ರ ಮೇ 31, ಭಾನುವಾರ. ಐ-ಲೀಗ್ ಫುಟ್‌ಬಾಲ್ ಋತುವಿನ ಕೊನೆಯ ಪಂದ್ಯ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೆ ಎದುರಾಳಿಯಾಗಿ ನಿಂತದ್ದು ಕೋಲ್ಕತ್ತದ ಮೋಹನ್ ಬಾಗನ್. ಪ್ರಶಸ್ತಿಗೆ ನಮ್ಮವರು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಮೊದಲಾರ್ಧದಲ್ಲೇ ಜಾನ್ ಜಾನ್ಸನ್ ಗೋಲು ಹೊಡೆದರು. 87ನೇ ನಿಮಿಷದವರೆಗೂ ಟ್ರೋಫಿ ಬೆಂಗಳೂರಿನದೇ ಆಗಿತ್ತು. ಆಗ ಬಂತು ಒಂದು ಕಾರ್ನರ್ ಕಿಕ್. ಬೆಲೊ ರಜಾಕ್ ಎಲ್ಲರಿಗಿಂತ ಎತ್ತರಕ್ಕೆ ಜಿಗಿದು ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. 1–1. ಮೋಹನ್ ಬಾಗನ್ 13 ವರ್ಷಗಳ ಬಳಿಕ ಲೀಗ್ ಗೆದ್ದಿತು. ಬೆಂಗಳೂರು ಎರಡೇ ಅಂಕಗಳಿಂದ ಹಿಂದುಳಿಯಿತು.

ದಾಖಲೆಗಳ ಪ್ರಕಾರ ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆದರೆ ಅದರ ಅಭಿಮಾನಿ ಬಳಗ ಗಟ್ಟಿಯಾದದ್ದು ಆ ಭಾನುವಾರ ಎಂದೇ ನಾನು ನಂಬಿದ್ದೇನೆ.

ದಂಡಿನಿಂದ ಬೀದಿಗೆ

ಬೆಂಗಳೂರಿಗೆ ಫುಟ್‌ಬಾಲ್ ಹೊಸತಲ್ಲ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರದ ಹುಡುಗರು ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಮರುವರ್ಷವೂ ಅದನ್ನು ಬಿಟ್ಟುಕೊಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಎತ್ತಿಹಿಡಿಯಿತು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳಲ್ಲಿ ಆಡುವವರೂ ನೌಕರರೇ, ನೋಡಲು ಬರುವವರೂ ಅವರ ಜೊತೆಗಾರರೇ.

ಕ್ರಮೇಣ ಕ್ರಿಕೆಟ್ ಎಲ್ಲವನ್ನೂ ಆವರಿಸಿತು. ಕಾರ್ಖಾನೆಗಳಲ್ಲಿ ಆಟಗಾರರ ನೇಮಕ ಕಡಿಮೆಯಾಯಿತು, ಗ್ಯಾಲರಿಗಳು ಬರಿದಾದವು. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು. ಆದರೂ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ವಿಶ್ವಕಪ್ ಬಂದರೆ ಬೀದಿಯಲ್ಲಿ ಬ್ರೆಜಿಲ್ ಬಾವುಟ ಹಾರುತ್ತದೆ. ನಗರದ ಇನ್ನೊಂದು ತುದಿಯಲ್ಲಿ ಕಾಲೇಜು ಹುಡುಗರು ನಡುರಾತ್ರಿಯವರೆಗೆ ಎದ್ದಿದ್ದು ಟಿವಿಯಲ್ಲಿ ಇಂಗ್ಲೆಂಡಿನ ಕ್ಲಬ್‌ಗಳ ಆಟ ನೋಡುತ್ತಿದ್ದರು. ಪ್ರೀತಿಗೆ ಬರವಿರಲಿಲ್ಲ. ನಮ್ಮದು ಎಂದು ಕೂಗಲು ಒಂದು ತಂಡ ಬೇಕಿತ್ತು.

ಪಶ್ಚಿಮದ ಮೆಟ್ಟಿಲುಗಳು

ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ ತಂಡ 2013ರ ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಲೀಗ್ ಪಂದ್ಯ ಆಡಿತು. ಎದುರಾಳಿ ಅದೇ ಮೋಹನ್ ಬಾಗನ್, ಫಲಿತಾಂಶ ಅದೇ 1–1. ಪಶ್ಚಿಮ ಭಾಗದ ಗ್ಯಾಲರಿಯಲ್ಲಿ ಒಂದಷ್ಟು ಯುವಕರು ಒಟ್ಟಾಗಿ ನಿಂತು ಹಾಡತೊಡಗಿದರು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಬಳಗ ಹುಟ್ಟಿದ್ದು ಹೀಗೆ. ಕೋಚ್ ಆ್ಯಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಚೆಟ್ರಿ. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಮೊದಲ ವರ್ಷವೇ ಬೆಂಗಳೂರು ದೇಶದ ಚಾಂಪಿಯನ್ ಆಯಿತು.

ಗೆದ್ದವರ ಜೊತೆ ನಿಲ್ಲಲು ಎಲ್ಲರೂ ಬರುತ್ತಾರೆ. ತಂಡ ಕಂಠೀರವಕ್ಕೆ ಬಂದ ಮೊದಲ ವರ್ಷವೇ ಮೇ 31ರ ಪರೀಕ್ಷೆ ಎದುರಾಯಿತು. ಕೈಗೆ ಬಂದ ಟ್ರೋಫಿ ಮೂರು ನಿಮಿಷ ಬಾಕಿಯಿದ್ದಾಗ ಜಾರಿಹೋದರೂ ಪಶ್ಚಿಮದ ಮೆಟ್ಟಿಲುಗಳು ಖಾಲಿಯಾಗಲಿಲ್ಲ. ಮುಂದಿನ ಋತುವಿನಲ್ಲೂ ಡೋಲುಗಳು ಬಂದವು, ಬ್ಯಾನರ್‌ಗಳು ಬಂದವು. ತಂಡ ಮತ್ತೆ ಐ-ಲೀಗ್ ಗೆದ್ದಿತು.

2016ರ ಅಕ್ಟೋಬರ್‌ನಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ಗೆ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ ಕಂಠೀರವಕ್ಕೆ ಬಂತು. ಚೆಟ್ರಿ ಎರಡು, ಹ್ವಾನನ್ ಒಂದು: 3–1. ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದಾಯಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ವಾಯುಪಡೆ ಕ್ಲಬ್ ಒಂದು ಗೋಲಿನಿಂದ ಆ ಕನಸನ್ನು ಮುಗಿಸಿತು.

ಎರಡು ಮಾರ್ಚ್ 17

2017–18ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್‌ಗೆ ಸೇರಿತು. 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಪಟ್ಟಿಯ ತುದಿಗೇರಿತು. ಫೈನಲ್ ಕೂಡ ಕಂಠೀರವದಲ್ಲೇ. 2018ರ ಮಾರ್ಚ್ 17ರಂದು ಒಂಬತ್ತನೇ ನಿಮಿಷದಲ್ಲಿ ಚೆಟ್ರಿ ಹಾರಿಬಿದ್ದು ತಲೆಯಿಂದ ಗೋಲು ಹೊಡೆದಾಗ ಇನ್ನೇನು ಮುಗಿಯಿತು ಎಂದುಕೊಂಡವರೇ ಹೆಚ್ಚು. ಆದರೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಗೋಲು ಹೊಡೆದರು, ರಾಫೆಲ್ ಅಗಸ್ಟೊ ಮೂರನೆಯದು. ಮಿಕು ಕೊನೆಯಲ್ಲಿ ಹೊಡೆದ ಗೋಲು ಸೋಲಿನ ಅಂತರವನ್ನಷ್ಟೇ ತಗ್ಗಿಸಿತು: 2–3. ತವರಿನಲ್ಲಿ, ಅದೂ ಚೆನ್ನೈ ತಂಡದ ಎದುರು ಸೋತ ಉರಿ ವರ್ಷವಿಡೀ ಆರಲಿಲ್ಲ.

ಸರಿಯಾಗಿ ಒಂದು ವರ್ಷ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ಗೋವಾ ವಿರುದ್ಧದ ಫೈನಲ್ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಯಿತು. 117ನೇ ನಿಮಿಷದ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟರು. 1–0. ಹಿಂದಿನ ಮಾರ್ಚ್‌ನಲ್ಲಿ ಅತ್ತವರಿಗೆ ಮಾತ್ರ ಆ ಗೋಲಿನ ಪೂರ್ತಿ ರುಚಿ ಸಿಕ್ಕಿತು.

ಆಮೇಲೆ ಕೋವಿಡ್. ಎರಡು ಋತುಗಳು ಗೋವಾಕ್ಕೆ ಹೋದವು, ಅಭಿಮಾನಿಗಳಿಗೆ ಟಿವಿಯೇ ಗತಿಯಾಯಿತು. 2022ರಲ್ಲಿ ಡುರಾಂಡ್ ಕಪ್ ಬಂತು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ನಡೆದ ಸೂಪರ್ ಲೀಗ್ ಪಂದ್ಯದಲ್ಲಿ ಚೆಟ್ರಿ ಚುರುಕಾಗಿ ತೆಗೆದ ಫ್ರೀ ಕಿಕ್ ಗೋಲಾಯಿತು. ಅದನ್ನು ಒಪ್ಪದ ಕೇರಳ ಬ್ಲಾಸ್ಟರ್ಸ್ ಮೈದಾನವನ್ನೇ ಬಿಟ್ಟು ನಡೆಯಿತು. ಎರಡು ವಾರಗಳ ಬಳಿಕ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್ ನಮ್ಮ ಕೈಹಿಡಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಫೈನಲ್‌ನಲ್ಲಿ ಮುನ್ನಡೆ ಪಡೆದೂ ಹೆಚ್ಚುವರಿ ಅವಧಿಯಲ್ಲಿ ಸೋತೆವು. ಎರಡೂ ಬಾರಿ ಗೆದ್ದದ್ದು ಮೋಹನ್ ಬಾಗನ್.

ಲೆಕ್ಕಕ್ಕೆ ಸಿಗದದ್ದು

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಪೀಟರ್ ಡಾಲ್ಟನ್ ಮತ್ತು ಜಾರ್ಜ್ ಮೆಕೆರನ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರು ಮೊಬೈಲ್‌ನಲ್ಲಿ ಆಗಾಗ ದಾಖಲಿಸಿದ ತಮ್ಮ ಮನಃಸ್ಥಿತಿಯೇ ಅದಕ್ಕೆ ಆಧಾರ. ತಂಡ ಗೆದ್ದಾಗ ಸಿಗುವ ಸಂತೋಷಕ್ಕಿಂತ ಸೋತಾಗ ಆಗುವ ನೋವು ಸುಮಾರು ಎರಡು ಪಟ್ಟು ಎಂದು ಅವರು ಕಂಡುಕೊಂಡರು. ಈ ಲೆಕ್ಕ ಹಿಡಿದರೆ ಅಭಿಮಾನಿಯ ಖಾತೆಯಲ್ಲಿ ಕೊನೆಗೆ ಉಳಿಯುವುದು ನಷ್ಟವೇ.

ಹಾಗಿದ್ದರೂ ಜನ ಬರುತ್ತಾರೆ. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಆಟ ದೂರದಲ್ಲಿ ನಡೆಯುತ್ತದೆ. ಆ ದೂರವನ್ನು ತುಂಬುವುದು ದನಿ. ಮಲ್ಲೇಶ್ವರದ ವಿದ್ಯಾರ್ಥಿ, ವೈಟ್‌ಫೀಲ್ಡ್‌ನ ಎಂಜಿನಿಯರ್, ಆಸ್ಟಿನ್ ಟೌನ್‌ನ ಹಳೆಯ ಆಟಗಾರ ಪೂರ್ತಿ 90 ನಿಮಿಷ ಅಕ್ಕಪಕ್ಕ ನಿಲ್ಲುತ್ತಾರೆ. ಪಂದ್ಯ ಮುಗಿದ ಮೇಲೆ ಆಟಗಾರರು ಪಶ್ಚಿಮದ ಗ್ಯಾಲರಿಯತ್ತ ನಡೆದು ಬಂದು ಚಪ್ಪಾಳೆ ತಟ್ಟುತ್ತಾರೆ. ಸೋಲನ್ನು ಮನೆಯಲ್ಲಿ ಒಬ್ಬರೇ ಕೂತು ನುಂಗುವುದು ಕಷ್ಟ. ಸಾವಿರಾರು ಜನ ಹಂಚಿಕೊಂಡಾಗ ಅದೇ ನಂಟಾಗುತ್ತದೆ. ವಲಸಿಗರೇ ತುಂಬಿರುವ ಈ ಮಹಾನಗರದಲ್ಲಿ ಬೇರೆ ಬೇರೆ ಭಾಷೆಯವರು ಬೆಂಗಳೂರು ನನ್ನದು ಎಂದು ಗಂಟಲು ಬಿರಿಯುವಂತೆ ಕೂಗುವ ಜಾಗಗಳು ಎಷ್ಟಿವೆ?

2025ರ ಜುಲೈನಲ್ಲಿ ಒಪ್ಪಂದದ ಗೊಂದಲದಿಂದಾಗಿ ಲೀಗನ್ನೇ ತಡೆಹಿಡಿದರು. ಮರುತಿಂಗಳು ಕ್ಲಬ್ ತನ್ನ ಮುಖ್ಯ ತಂಡದ ಸಂಬಳ ನಿಲ್ಲಿಸುವುದಾಗಿ ಹೇಳಿತು. ಸೋಲು ಎಷ್ಟೋ ವಾಸಿ, ಅದಕ್ಕೆ ಮುಂದಿನ ಪಂದ್ಯ ಎಂಬ ಔಷಧಿ ಇರುತ್ತದೆ. ಪಂದ್ಯವೇ ಇಲ್ಲ ಎಂಬುದನ್ನು ಅಭಿಮಾನಿ ತಡೆದುಕೊಳ್ಳಲಾರ. ಆಟವನ್ನು ನಡೆಸುವವರು ಒಪ್ಪಂದಗಳ ಚರ್ಚೆಗೆ ಕೂತಾಗ ಈ ಗ್ಯಾಲರಿಯನ್ನೂ ಪಾಲುದಾರ ಎಂದು ಎಣಿಸಬೇಕು.

ಓದುಗರಲ್ಲಿ ನನ್ನದೊಂದು ಕೋರಿಕೆ. ಈ ತಂಡದ ತವರಿನ ಪಂದ್ಯಕ್ಕೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಬನ್ನಿ, ಪಶ್ಚಿಮದ ಮೆಟ್ಟಿಲುಗಳ ಮೇಲೆ ನಿಲ್ಲಿ. ಅಂದು ತಂಡ ಸೋತರೆ, ಅದರ ಮುಂದಿನ ಪಂದ್ಯಕ್ಕೆ ತಪ್ಪದೆ ಬನ್ನಿ.