ಮಣ್ಣುದಾರಿಯ ಸೈಕಲ್: ಹಲಗೂರಿನಿಂದ ಶಿವನಸಮುದ್ರದ ನಡುಗಡ್ಡೆಗೆ

ಬೆಂಗಳೂರಿನಿಂದ ಕನಕಪುರ, ಸಾತನೂರು ದಾಟಿ ಕೊಳ್ಳೇಗಾಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಲಗೂರು ಸಿಗುತ್ತದೆ. ಮಳವಳ್ಳಿ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಒಂದು ಕಡೆ ಬಸವನಬೆಟ್ಟ, ಮುತ್ತತ್ತಿಯ ಕಾಡು. ಇನ್ನೊಂದು ಕಡೆ ಶಿಂಷಾ ನದಿ, ಅದರಾಚೆ ಕೆರೆ, ಗದ್ದೆ, ಕಬ್ಬು, ರಾಗಿಯ ಬಯಲು. ಶಿಂಷಾ ದಾಟಿ ಮಳವಳ್ಳಿಯ ಮೇಲೆ ಹೋದರೆ ಸುಮಾರು 45 ಕಿ.ಮೀ. ದೂರದಲ್ಲಿ ಕಾವೇರಿ ಎರಡು ಕವಲಾಗಿ ಒಡೆದು ಶಿವನಸಮುದ್ರದ ನಡುಗಡ್ಡೆಯನ್ನು ತಬ್ಬಿಕೊಂಡಿದೆ. ಕಾರಿನಲ್ಲಿ ಇದು ಒಂದು ಗಂಟೆಯ ಹಾದಿ. ಆದರೆ ಈ ಸೀಮೆಯ ಹಳೆಯ ಗುಡಿ, ವೀರಗಲ್ಲು, ಕೆರೆ, ಮಂಟಪಗಳು ಹೆಚ್ಚಾಗಿ ಹೆದ್ದಾರಿಯ ಬದಿಯಲ್ಲಿಲ್ಲ. ಅವು ಊರಿಂದೂರಿಗೆ ಹೋಗುವ ಬಂಡಿ ಜಾಡು, ಕೆರೆ ಏರಿ, ನಾಲೆ ಏರಿಗಳ ಪಕ್ಕದಲ್ಲಿವೆ. ಅಲ್ಲಿಗೆ ಹೋಗಲು ತಕ್ಕ ವಾಹನ ಸೈಕಲ್. ಅದರಲ್ಲೂ ಮಣ್ಣುದಾರಿಗೆ ಹೊಂದುವ ಸೈಕಲ್.

ಗ್ರಾವೆಲ್ ಸೈಕಲ್ ಎಂದರೇನು?

ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಅದಕ್ಕಿಂತ ಅಗಲವಾದ ಟೈರು, ಏರು ಹತ್ತಲು ಹಗುರವಾದ ಗೇರು, ಕೆಸರಿನಲ್ಲೂ ಹಿಡಿಯುವ ಡಿಸ್ಕ್ ಬ್ರೇಕ್: ಇವಿಷ್ಟೂ ಸೇರಿದ್ದು ಗ್ರಾವೆಲ್ ಸೈಕಲ್. ಅಮೆರಿಕದ ಕಾನ್ಸಾಸ್ ರಾಜ್ಯದ ಜಲ್ಲಿ ರಸ್ತೆಗಳಲ್ಲಿ 2006ರಲ್ಲಿ ಶುರುವಾದ ದೂರದ ಓಟವೊಂದು ಈ ಬಗೆಯ ಸವಾರಿಗೆ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಇದರ ಗುಟ್ಟು ಇರುವುದು ಟೈರಿನಲ್ಲಿ. ಡಾಂಬರು ರಸ್ತೆಯ ರೇಸ್ ಸೈಕಲ್ಲಿನ ಟೈರು ಸಾಮಾನ್ಯವಾಗಿ 25ರಿಂದ 28 ಮಿ.ಮೀ. ಅಗಲ ಇರುತ್ತದೆ, ಅದರಲ್ಲಿ ಗಾಳಿಯನ್ನು ಬಿಗಿಯಾಗಿ ತುಂಬುತ್ತಾರೆ. ನುಣುಪು ನೆಲದ ಮೇಲೆ ಅದು ಚೆನ್ನಾಗಿ ಓಡುತ್ತದೆ. ಜಲ್ಲಿಯ ಮೇಲೆ ಬಂದಾಗ ಬಿಗಿಯಾದ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಹಾಗೆ ಪುಟಿದಾಗಲೆಲ್ಲ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆತ್ತುವುದರಲ್ಲಿ ಕಾಲಿನ ಶಕ್ತಿ ವ್ಯರ್ಥವಾಗುತ್ತದೆ. ಗ್ರಾವೆಲ್ ಟೈರು 38ರಿಂದ 50 ಮಿ.ಮೀ. ಅಗಲ. ಒಳಗೆ ಹೆಚ್ಚು ಗಾಳಿ ಹಿಡಿಯುವುದರಿಂದ ಕಡಿಮೆ ಒತ್ತಡದಲ್ಲಿ ಓಡಿಸಿದರೂ ರಿಮ್ಮು ನೆಲಕ್ಕೆ ತಾಗುವುದಿಲ್ಲ. ಟೈರೇ ಕಲ್ಲಿನ ಆಕಾರಕ್ಕೆ ಬಗ್ಗಿ ಮುಂದೆ ಉರುಳುತ್ತದೆ. ಒತ್ತಡ ಇಳಿದಷ್ಟೂ ನೆಲಕ್ಕೆ ತಾಗುವ ಭಾಗ ಹೆಚ್ಚುವುದರಿಂದ ಸಡಿಲ ಮಣ್ಣಿನಲ್ಲಿ ಹಿಡಿತವೂ ಸಿಗುತ್ತದೆ.

ಇದು ನಮಗೆ ಹೊಸದಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರಿಕೊಂಡು ಓಡಾಡಿದ ಊರಿನ ಕಪ್ಪು ಸೈಕಲ್ಲಿನ ಟೈರಿನ ಮೇಲೆ 28 × 1½ ಎಂದು ಬರೆದಿರುತ್ತದೆ. ಒಂದೂವರೆ ಇಂಚು ಎಂದರೆ ಸುಮಾರು 38 ಮಿ.ಮೀ. ಉದ್ದನೆಯ ಚೌಕಟ್ಟು, ಹಿಂದಕ್ಕೆ ವಾಲಿದ ಮುಂಭಾಗ, ಅಗಲ ಟೈರು, ಇವೆಲ್ಲ ಇದ್ದುದರಿಂದಲೇ ಆ ಸೈಕಲ್ಲು ಡೇರಿಗೂ ಸಂತೆಗೂ ಮಣ್ಣುದಾರಿಯಲ್ಲೇ ಹೋಗಿ ಬಂದಿತು. ಅದಕ್ಕೆ ಇಲ್ಲದ್ದು ಗೇರು ಮತ್ತು ಹಗುರ ತೂಕ. ಹಾಗಾಗಿ ಈ ಪ್ರವಾಸಕ್ಕೆ ದುಬಾರಿ ಸೈಕಲ್ಲೇ ಬೇಕೆಂದಿಲ್ಲ. ಸುಸ್ಥಿತಿಯಲ್ಲಿರುವ, ಅಗಲ ಟೈರಿನ ಯಾವ ಸೈಕಲ್ಲಾದರೂ ಸರಿ. ಒಂದು ಎಚ್ಚರಿಕೆ ಮಾತ್ರ ಬೇಕು: ಈ ಸೀಮೆಯಲ್ಲಿ ಜಾಲಿಮುಳ್ಳು ಹೇರಳ. ಟ್ಯೂಬ್‌ಲೆಸ್ ಟೈರಿನೊಳಗೆ ಸೀಲೆಂಟ್ ದ್ರವ ಹಾಕಿದ್ದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಟ್ಯೂಬ್ ಇದ್ದರೆ ಪಂಕ್ಚರ್ ಸಾಮಾನು, ಪಂಪು ಜೊತೆಯಲ್ಲಿರಲಿ.

ದಾರಿಯ ಕಲ್ಲುಗಳು

ಮಳವಳ್ಳಿ, ಮದ್ದೂರು ಸೀಮೆಯನ್ನು ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರು ಒಡೆಯರು ಒಬ್ಬರ ನಂತರ ಒಬ್ಬರು ಆಳಿದರು. ಮಳವಳ್ಳಿ ಪಕ್ಕದ ಮಾರೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಚೋಳರ ಕಾಲದ್ದು. ಇಂಥ ದೊಡ್ಡ ಗುಡಿಗಳಷ್ಟೇ ಮುಖ್ಯವಾದವು ಊರ ಬಾಗಿಲಲ್ಲಿ, ಕೆರೆ ಕೋಡಿಯ ಬಳಿ ನಿಂತಿರುವ ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ: ವೀರಗಲ್ಲನ್ನು ಹೀಗೆ ಕೆಳಗಿನಿಂದ ಮೇಲಕ್ಕೆ ಓದಬೇಕು. ತುರು ಕಾಯುತ್ತ ಸತ್ತವರು, ಊರಿಗಾಗಿ ಬಿದ್ದವರು ಅದರಲ್ಲಿದ್ದಾರೆ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿರುವುದು ಒಂದು ನಾಯಿ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಬೂತುಗನ ಕಡೆಯ ಮಣಲೇರನೆಂಬ ವೀರನ ಪರಾಕ್ರಮ ಮೆಚ್ಚಿ ಬೇಕಾದ್ದು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಹಂದಿಯೊಂದರ ಮೇಲೆರಗಿ, ಹಂದಿಯೂ ತಾನೂ ಕೂಡಿ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು, ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ದೊಡ್ಡ ಸಾಮ್ರಾಜ್ಯದ ಯುದ್ಧದ ಸುದ್ದಿಯನ್ನು ಒಂದು ಹಳ್ಳಿಯ ನಾಯಿಯ ಕಲ್ಲೂ ಹೇಳುತ್ತದೆ. ಸಣ್ಣ ಊರುಗಳನ್ನು ದಾಟಿ ಹೋಗದೆ ನಿಲ್ಲಬೇಕೆನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ನಡುಗಡ್ಡೆ

ಮೈಸೂರು ಸೀಮೆಯ ಎತ್ತರದ ನೆಲ ಮುಗಿಯುವ ಅಂಚಿನಲ್ಲಿ ಕಾವೇರಿ ಬಂಡೆಗಳ ನಡುವೆ ಎರಡಾಗಿ ಹರಿದು, ಪಶ್ಚಿಮದ ಕವಲಿನಲ್ಲಿ ಗಗನಚುಕ್ಕಿಯಾಗಿ, ಪೂರ್ವದ ಕವಲಿನಲ್ಲಿ ಭರಚುಕ್ಕಿಯಾಗಿ ಧುಮುಕುತ್ತದೆ. ಸುತ್ತ ಆಳವಾದ ನೀರು, ಕೆಳಗೆ ಕಂದಕ. ಕೋಟೆಗೆ ಇಂಥದೇ ಜಾಗ ಬೇಕು. ಉಮ್ಮತ್ತೂರಿನ ಪಾಳೆಯಗಾರ ಗಂಗರಾಜ ಇಲ್ಲಿ ನೆಲೆ ಮಾಡಿಕೊಂಡು ವಿಜಯನಗರಕ್ಕೆ ತಿರುಗಿಬಿದ್ದ. ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಕೃಷ್ಣದೇವರಾಯ ದಂಡೆತ್ತಿ ಬಂದು ಈ ಕೋಟೆಯನ್ನು ಗೆದ್ದ.

ನಡುಗಡ್ಡೆಯ ರಂಗನಾಥನನ್ನು ಜಗನ್ಮೋಹನ ರಂಗನಾಥ ಎನ್ನುತ್ತಾರೆ. ಶ್ರೀರಂಗಪಟ್ಟಣದ್ದು ಆದಿರಂಗ, ಇಲ್ಲಿಯದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಮೂರೂ ಕಾವೇರಿಯ ನಡುಗಡ್ಡೆಗಳೇ. ಸೋಮೇಶ್ವರ ದೇವಾಲಯವೂ ಇಲ್ಲಿದೆ, ಗಗನಚುಕ್ಕಿಯ ಬಳಿ ಮರ್ದಾನೆ ಗೈಬ್ ದರ್ಗಾ ಇದೆ. 19ನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಎರಡೂ ಕವಲುಗಳಿಗೆ ಕಲ್ಲುಕಂಬಗಳ ಸೇತುವೆ ಕಟ್ಟಿಸಿದರು. ಇವುಗಳಲ್ಲಿ ವೆಸ್ಲಿ ಸೇತುವೆ ಎಂದು ಕರೆಯುವ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಂದರೆ ಮಳವಳ್ಳಿ ಕಡೆಯಿಂದ ನಡುಗಡ್ಡೆಗೆ ಬಂದವರು ರಾಜ್ಯದ ಗಡಿಯನ್ನೇ ದಾಟುತ್ತಿದ್ದರು. ಇಂದು ನಡುಗಡ್ಡೆ ಚಾಮರಾಜನಗರ ಜಿಲ್ಲೆಯದು.

ಎದುರು ದಡದಲ್ಲಿ, ಬ್ಲಫ್ ಎಂದು ಜನ ಕರೆಯುವ ಕಡೆ, ಇನ್ನೊಂದು ಪರಂಪರೆ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆರಂಭವಾದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಉರಿದದ್ದೂ ಇಲ್ಲಿಯದೇ ದೀಪ. ಗುಡಿ, ಕೋಟೆ, ದರ್ಗಾ, ಸೇತುವೆ, ವಿದ್ಯುತ್ತು: ನದಿ ಒಡೆದು ಬೀಳುವ ಒಂದೇ ಕಾರಣಕ್ಕೆ ಇವೆಲ್ಲ ಇಲ್ಲಿ ಕೂಡಿದವು.

ಹೋಗುವ ಕ್ರಮ

ಡಿಸೆಂಬರಿನಿಂದ ಫೆಬ್ರವರಿವರೆಗೆ ದಾರಿ ಒಣಗಿರುತ್ತದೆ, ಬಿಸಿಲೂ ಹಿತ. ಮುಂಗಾರಿನಲ್ಲಿ ಜಲಪಾತ ತುಂಬಿರುತ್ತದೆ, ಆದರೆ ಕೆಸರು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಆಗ ಜಲ್ಲಿ ಹಾಕಿದ ರಸ್ತೆಯನ್ನೇ ಹಿಡಿಯಬೇಕು. ಹೊಳೆಯ ಬಂಡೆಗಳ ಮೇಲೆ ಇಳಿಯುವುದು ಯಾವ ಕಾಲದಲ್ಲೂ ಬೇಡ. ನಾಲೆ ಏರಿಯಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಸೈಕಲ್ ಇಳಿದು ದಾರಿ ಬಿಡಿ. ರಾಗಿ, ಹುರುಳಿ ಒಕ್ಕಣೆಗೆ ಹರಡಿದ್ದರೆ ಒಕ್ಕುವವರನ್ನು ಕೇಳಿಯೇ ಮುಂದೆ ಹೋಗಿ. ಮುತ್ತತ್ತಿಯ ಕಡೆಯ ಕಾಡು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು, ಆನೆಗಳ ನೆಲೆ. ಅಲ್ಲಿ ಹಗಲಲ್ಲೂ ಡಾಂಬರು ರಸ್ತೆ ಬಿಟ್ಟು ಕದಲಬಾರದು.

ಯಾವ ಊರಿನಲ್ಲಿ ನಿಲ್ಲಬೇಕು ಎಂಬುದಕ್ಕೆ ಒಳ್ಳೆಯ ದಾರಿದೀಪವೊಂದಿದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 3ನೇ ಸಂಪುಟದಲ್ಲಿ (1894) ಮಳವಳ್ಳಿ ತಾಲ್ಲೂಕಿನ ಶಾಸನಗಳು ಊರಿನ ಹೆಸರು, ಕಲ್ಲಿರುವ ಜಾಗದ ಸಮೇತ ದಾಖಲಾಗಿವೆ. ಅದರಿಂದ ನಾಲ್ಕೈದು ಊರುಗಳನ್ನು ಆರಿಸಿ, ನಡುವಿನ ಮಣ್ಣುದಾರಿಗಳನ್ನು ಊರವರನ್ನು ಕೇಳಿ ಜೋಡಿಸಿಕೊಳ್ಳಿ. ಹೇಳಿದ ಜಾಗದಲ್ಲಿ ಕಲ್ಲು ಇದೆಯೇ, ಮಗುಚಿ ಬಿದ್ದಿದೆಯೇ, ಚರಂಡಿಗೆ ಹಾಸಾಗಿದೆಯೇ ನೋಡಿ, ಚಿತ್ರ ತೆಗೆದು ಗ್ರಾಮ ಪಂಚಾಯಿತಿಗೂ ರಾಜ್ಯದ ಪುರಾತತ್ತ್ವ ಇಲಾಖೆಗೂ ತಿಳಿಸಿ. ನೂರಮೂವತ್ತು ವರ್ಷಗಳ ಹಿಂದೆ ಓದಿ ಬರೆದಿಟ್ಟದ್ದನ್ನು ಮತ್ತೆ ಊರೂರು ಸುತ್ತಿ ಸರಿನೋಡುವ ಕೆಲಸ ಕಾರಿನಲ್ಲಿ ಕೂತವರಿಂದ ಆಗುವುದಿಲ್ಲ. ಬಂಡಿ ಜಾಡಿನಲ್ಲಿ ನಿಧಾನವಾಗಿ ಹೋಗಿ, ಬೇಕಾದಲ್ಲೆಲ್ಲ ಇಳಿಯುವ ಸೈಕಲ್ ಸವಾರರಿಂದ ಆಗುತ್ತದೆ.