ವಯಸ್ಕರ ಇಂಗ್ಲಿಷ್ ವ್ಯಾಸಂಗ: ದೂರಶಿಕ್ಷಣದ ಪಾಠವೂ ವ್ಯಾಖ್ಯಾನಪದ್ಧತಿಯೂ

ಬಾಲ್ಯದಲ್ಲಿ ಶಾಲೆಯನ್ನು ಬಿಟ್ಟು, ಮೂವತ್ತು ನಲವತ್ತು ವರ್ಷಗಳ ವಯಸ್ಸಿನಲ್ಲಿ ಪುನಃ ಹತ್ತನೆಯ ತರಗತಿಯ ಪರೀಕ್ಷೆಗೆ ಓದತೊಡಗುವವರ ವರ್ಗವೊಂದು ಈ ದೇಶದಲ್ಲಿ ಇದೆ. ಇವರಿಗೆ ದೊಡ್ಡ ಆಶ್ರಯವಾಗಿರುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ; ಜನರ ಬಾಯಲ್ಲಿ ಇದು ಎನ್.ಐ.ಒ.ಎಸ್. ಎಂದೇ ಪ್ರಸಿದ್ಧವಾಗಿದೆ. ೧೯೭೯ರಲ್ಲಿ ಕೇಂದ್ರ ಪ್ರೌಢಶಿಕ್ಷಣ ಮಂಡಲಿಯು ಪ್ರಯೋಗರೂಪವಾಗಿ ಆರಂಭಿಸಿದ ಮುಕ್ತಶಾಲೆಯು ೧೯೮೯ರ ನವೆಂಬರ್ ತಿಂಗಳಿನಲ್ಲಿ ಸ್ವತಂತ್ರವಾದ ಸಂಸ್ಥೆಯಾಗಿ, ೨೦೦೨ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇಲ್ಲಿ ಪ್ರೌಢಶಾಲಾ ಮಟ್ಟದ ಪ್ರವೇಶಕ್ಕೆ ೧೪ ವರ್ಷ ತುಂಬಿದ್ದರೆ ಸಾಕು. ಮೇಲಿನ ವಯೋಮಿತಿಯೆಂಬುದೇ ಇಲ್ಲ. ಒಮ್ಮೆ ಸೇರಿದವರಿಗೆ ೫ ವರ್ಷಗಳ ಅವಧಿಯೂ, ಅದರೊಳಗೆ ೯ ಸಲ ಪರೀಕ್ಷೆಗೆ ಕುಳಿತುಕೊಳ್ಳುವ ಅವಕಾಶವೂ ದೊರೆಯುವುವು. ಐದು ವಿಷಯಗಳನ್ನೂ ಒಟ್ಟಿಗೆ ಮುಗಿಸಬೇಕೆಂಬ ನಿರ್ಬಂಧವಿಲ್ಲ; ಒಂದೊಂದಾಗಿ ತೇರ್ಗಡೆ ಹೊಂದಬಹುದು.

ಗಮನಿಸತಕ್ಕ ಅಂಶವೊಂದುಂಟು. ಈ ಕ್ರಮದಲ್ಲಿ ಇಂಗ್ಲಿಷ್ ಕಡ್ಡಾಯವಲ್ಲ. ಒಂದಾದರೂ ಭಾಷಾವಿಷಯವಿರಬೇಕು, ಎರಡಕ್ಕಿಂತ ಹೆಚ್ಚಿರಬಾರದು ಎಂಬಷ್ಟೇ ನಿಯಮ. ಇಂಗ್ಲಿಷಿಗೆ ೨೦೨ ಎಂಬ ವಿಷಯಸಂಖ್ಯೆಯಿರುವಂತೆ ಕನ್ನಡಕ್ಕೂ ೨೦೮ ಎಂಬ ಸಂಖ್ಯೆಯಿದೆ. ಕನ್ನಡವೊಂದನ್ನೇ ಭಾಷೆಯಾಗಿ ಆರಿಸಿಕೊಂಡು ಪ್ರಮಾಣಪತ್ರವನ್ನು ಪಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೀಗಿದ್ದರೂ ಇಂಗ್ಲಿಷನ್ನು ಬೇಕೆಂದೇ ತೆಗೆದುಕೊಳ್ಳುವ ಕನ್ನಡಿಗನಿಗೆ ಅದು ಪರೀಕ್ಷೆಯ ಒಂದು ವಿಷಯ ಮಾತ್ರವಲ್ಲ. ಬ್ಯಾಂಕಿನ ಕಾಗದ, ಔಷಧದ ಚೀಟಿ, ಮಗುವಿನ ಶಾಲೆಯಿಂದ ಬಂದ ಸೂಚನೆ, ಇವನ್ನು ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿಕೊಳ್ಳಬೇಕಾದ ಸ್ಥಿತಿಯಿಂದ ಪಾರಾಗಬೇಕೆಂಬುದು ಅವನ ಉದ್ದೇಶ. ಅಂಥವನು ವಿಷಯಗಳನ್ನು ಬಿಡಿಬಿಡಿಯಾಗಿ ಮುಗಿಸಬಹುದೆಂಬ ಸೌಕರ್ಯವನ್ನು ನೋಡಿ ಕಠಿನವಾದ ಇಂಗ್ಲಿಷನ್ನು ಕೊನೆಗೆ ಇರಿಸಿಕೊಂಡರೆ, ಐದು ವರ್ಷಗಳ ಅವಧಿಯು ಅದರ ಮುಂದೆಯೇ ಮುಗಿದುಹೋಗುವ ಸಂಭವವುಂಟು.

ದೂರಶಿಕ್ಷಣದಲ್ಲಿ ಗುರುವಿನ ಸ್ಥಾನವು ಬರಿದಾಗಿರುವುದೆಂದು ಭಾವಿಸಬಾರದು, ಅದು ಹಂಚಿಹೋಗಿರುವುದು. ಪಾಠ ಹೇಳುವ ಕೆಲಸವು ಮುದ್ರಿತ ಪುಸ್ತಕಕ್ಕೆ ಬಂದಿದೆ. ಆ ಪುಸ್ತಕಗಳು ಸ್ವಯಂ ಓದಿಕೊಳ್ಳುವವನಿಗಾಗಿಯೇ ರಚಿತವಾದುವು. ಪಾಠದ ನಡುನಡುವೆ ಪ್ರಶ್ನೆಗಳನ್ನು ಇಟ್ಟು, ಉತ್ತರಗಳನ್ನು ಹಿಂದೆ ಕೊಡುವುದು ಅವುಗಳ ರೀತಿ. ತಿದ್ದುವ ಕೆಲಸವು ಟಿ.ಎಂ.ಎ. ಎಂದು ಕರೆಯಲ್ಪಡುವ, ಮನೆಯಲ್ಲಿ ಬರೆದು ಒಪ್ಪಿಸತಕ್ಕ ಉತ್ತರಪತ್ರಗಳಿಗೆ ಸೇರಿದೆ. ಇವುಗಳಿಗೆ ಒಟ್ಟು ಅಂಕಗಳಲ್ಲಿ ನೂರಕ್ಕೆ ೨೦ರ ಭಾಗವಿದೆ. ಸಂಶಯಪರಿಹಾರಕ್ಕೆ ಅಧ್ಯಯನಕೇಂದ್ರಗಳ ಸಂಪರ್ಕ ತರಗತಿಗಳೂ, ಶ್ರವಣಕ್ಕೆ 'ಮುಕ್ತ ವಿದ್ಯಾ ವಾಣಿ' ಎಂಬ ಧ್ವನಿಪ್ರಸಾರವೂ ಏರ್ಪಟ್ಟಿವೆ. ವ್ಯವಸ್ಥೆಯು ಚೆನ್ನಾಗಿಯೇ ಇದೆ. ಆದರೆ ಗಣಿತ ವಿಜ್ಞಾನಗಳಿಗೆ ಸಾಲುವ ವ್ಯವಸ್ಥೆಯು ಭಾಷೆಗೆ, ಅದರಲ್ಲಿಯೂ ಪರಭಾಷೆಗೆ, ಸಾಲುವುದೇ ಎಂಬುದು ವಿಚಾರಣೀಯ. ಗಣಿತದ ಪುಸ್ತಕವು ತಿಳಿದ ಭಾಷೆಯಿಂದ ತಿಳಿಯದ ವಿಷಯವನ್ನು ಹೇಳುವುದು. ಇಂಗ್ಲಿಷಿನ ಪುಸ್ತಕವಾದರೋ ತಿಳಿಯದ ಭಾಷೆಯನ್ನು ಆ ತಿಳಿಯದ ಭಾಷೆಯಿಂದಲೇ ಹೇಳಲು ಹೊರಟಿದೆ. ಪಾಠವೂ ಇಂಗ್ಲಿಷು, ಪದಾರ್ಥವೂ ಇಂಗ್ಲಿಷು, ಪ್ರಶ್ನೆಯೂ ಇಂಗ್ಲಿಷು.

ಶಬ್ದದ ಶಕ್ತಿಯು ತಿಳಿಯುವ ಮಾರ್ಗಗಳು ಎಂಟು ಎಂದು ನೈಯಾಯಿಕರು ಗಣಿಸಿದ್ದಾರೆ: ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವೃತಿ, ಸಿದ್ಧಪದದ ಸಾನ್ನಿಧ್ಯ. ಇವುಗಳಲ್ಲಿ ವೃದ್ಧವ್ಯವಹಾರಕ್ಕೆ ಶಾಸ್ತ್ರಕಾರರು ವಿಶೇಷ ಪ್ರಾಧಾನ್ಯವನ್ನು ಕೊಟ್ಟಿರುವರು. ಹಿರಿಯನೊಬ್ಬನು 'ಹಸುವನ್ನು ತಾ' ಎನ್ನಲು ಇನ್ನೊಬ್ಬನು ತರುವುದನ್ನೂ, 'ಹಸುವನ್ನು ಕಟ್ಟು' ಎನ್ನಲು ಕಟ್ಟುವುದನ್ನೂ ನೋಡಿ ನೋಡಿ ಶಿಶುವು ಪದಪದದ ಅರ್ಥವನ್ನು ಬೇರ್ಪಡಿಸಿಕೊಳ್ಳುವುದು. ಮನೆಯಲ್ಲಿಯೂ ಬೀದಿಯಲ್ಲಿಯೂ ಕನ್ನಡವನ್ನೇ ಕೇಳುತ್ತ, ದಿನದ ಕೆಲಸವು ಮುಗಿದ ಮೇಲೆ ರಾತ್ರಿ ಪುಸ್ತಕವನ್ನು ತೆರೆಯುವ ವಯಸ್ಕನಿಗೆ ಇಂಗ್ಲಿಷಿನ ವೃದ್ಧವ್ಯವಹಾರವು ಎಲ್ಲಿಂದ ಬಂದೀತು? ಸಂದರ್ಭದಿಂದ ಅರ್ಥವನ್ನು ಊಹಿಸಿಕೊಳ್ಳಿರಿ ಎಂದು ಪುಸ್ತಕವು ಹೇಳುವುದು. ಅದು ಸಿದ್ಧಪದಸಾನ್ನಿಧ್ಯದ ಮಾರ್ಗವೇ ಸರಿ. ಆದರೆ ಸುತ್ತಲಿನ ಪದಗಳು ಸಿದ್ಧವಾಗಿದ್ದಲ್ಲಿ ಮಾತ್ರ ಅದು ನಡೆಯುವುದು. ಹತ್ತು ಪದಗಳಲ್ಲಿ ಆರು ತಿಳಿಯದವನಿಗೆ ಉಳಿದ ನಾಲ್ಕು ಯಾವ ಬೆಳಕನ್ನೂ ಕೊಡಲಾರವು. ಇಂಥವನಿಗೆ ಬೇಕಾದುದು ವಿವೃತಿ, ಎಂದರೆ ಬಲ್ಲ ಭಾಷೆಯಲ್ಲಿ ಬಿಡಿಸಿಹೇಳುವುದು. ಪುಸ್ತಕದಲ್ಲಿ ಇಲ್ಲದಿರುವುದು ಅದೇ.

ಇದರ ವಿಪರ್ಯಾಸವನ್ನು ಕನ್ನಡದ ಇತಿಹಾಸದಲ್ಲಿ ನೋಡಬಹುದು. ಐರೋಪ್ಯರು ಪ್ರಾಪ್ತವಯಸ್ಕರಾಗಿ ಕನ್ನಡವನ್ನು ಕಲಿತಾಗ ಅವರಿಗೆ ತಮ್ಮ ಭಾಷೆಯಲ್ಲಿಯೇ ವಿವರಣೆಯಿದ್ದಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಶ್ರೀರಾಮಪುರದಲ್ಲಿಯೂ, ಮೆಕೆರೆಲ್ಲನದು ೧೮೨೦ರಲ್ಲಿ ಮದರಾಸಿನಲ್ಲಿಯೂ ಅಚ್ಚಾದುವು. ಎರಡೂ ಇಂಗ್ಲಿಷಿನಲ್ಲಿ ಬರೆದವು. ಕಿಟ್ಟೆಲರ ೧೮೯೪ರ ಕೋಶವೂ ೧೯೦೩ರ ವ್ಯಾಕರಣವೂ ಅಂತೆಯೇ. ಅದಕ್ಕೂ ಹಿಂದೆ ೧೬೦೪ರಲ್ಲಿ ಭಟ್ಟಾಕಳಂಕನು 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿದಾಗ, ಕನ್ನಡದ ಲಕ್ಷಣವನ್ನು ಹೇಳುವ ಆ ಸೂತ್ರಗಳನ್ನು ಪಂಡಿತರಿಗೆ ಪರಿಚಿತವಾದ ಸಂಸ್ಕೃತದಲ್ಲಿ ಕಟ್ಟಿದನು. ವಿದ್ವಾಂಸರಿಗೂ ಅಧಿಕಾರಿಗಳಿಗೂ ಸಲ್ಲಿಸಿದ ಈ ಉಪಕಾರವು ಹೊಲಿಗೆಯಂತ್ರದ ಮುಂದೆ ಕುಳಿತು ದುಡಿಯುವ ಗೃಹಿಣಿಗೆ ಸಲ್ಲದಿರುವುದಕ್ಕೆ ಕಾರಣವೇನೆಂದು ತಿಳಿಯದು.

ವ್ಯಾಖ್ಯಾನಕ್ಕೆ ಐದು ಲಕ್ಷಣಗಳುಂಟೆಂಬುದು ಪಾಠಶಾಲೆಗಳಲ್ಲಿ ಓದಿದವರಿಗೆಲ್ಲ ತಿಳಿದ ಸಂಗತಿ: ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ. ಇವು ಸಂಸ್ಕೃತಗ್ರಂಥಗಳಿಗೆ ಮಾತ್ರ ಮೀಸಲಾದುವಲ್ಲ. ಇಂಗ್ಲಿಷಿನ ಗದ್ಯಪಾಠಕ್ಕೆ ಅನ್ವಯಿಸಿದರೆ ಕನ್ನಡಿಗನು ಎಡವುವ ಸ್ಥಳಗಳು ಸ್ಪಷ್ಟವಾಗಿ ಕಾಣಬರುವುವು.

ಪದಚ್ಛೇದವೂ ಪದಾರ್ಥವೂ ಇಲ್ಲಿ ಕೂಡಿಯೇ ಬರುವುವು. ಸಂಸ್ಕೃತದಲ್ಲಿ ಬೇರೆ ಬೇರೆಯಾದ ಪದಗಳು ಸಂಧಿಯಿಂದ ಬರೆಹದಲ್ಲಿ ಒಂದಾಗುವುವು. ಇಂಗ್ಲಿಷಿನಲ್ಲಿ ಅರ್ಥದಿಂದ ಒಂದಾದ ಪದಗಳು ಬರೆಹದಲ್ಲಿ ಬೇರೆಯಾಗಿ ನಿಲ್ಲುವುವು. 'ಗಿವ್' ಎಂದರೆ ಕೊಡು. 'ಅಪ್' ಎಂದರೆ ಮೇಲಕ್ಕೆ. ಕೋಶವನ್ನು ಹುಡುಕಿ ಇವೆರಡನ್ನೂ ಕೂಡಿಸಿದವನು 'ಮೇಲಕ್ಕೆ ಕೊಡು' ಎಂದು ಅರ್ಥಮಾಡುವನು. ನಿಜವಾದ ಅರ್ಥ 'ಬಿಟ್ಟುಬಿಡು' ಎಂದು. 'ಗಿವ್ ಇನ್' ಎಂದರೆ ಮಣಿ, 'ಗಿವ್ ಅವೇ' ಎಂದರೆ ದಾನಮಾಡು. ಹೃ ಎಂಬ ಒಂದೇ ಧಾತುವು ಉಪಸರ್ಗಬಲದಿಂದ ಆಹಾರ, ವಿಹಾರ, ಸಂಹಾರ, ಪರಿಹಾರಗಳಾಗುವುದನ್ನು ಬಲ್ಲ ಅಧ್ಯಾಪಕನು ಇದನ್ನು ಎರಡು ಮಾತುಗಳಲ್ಲಿ ತಿಳಿಸಿಯಾನು: ಇಂಗ್ಲಿಷಿನಲ್ಲಿಯೂ ಉಪಸರ್ಗಗಳಂಥವು ಇವೆ, ಆದರೆ ಅವು ಧಾತುವಿನ ಹಿಂದೆ ಬಾರದೆ ಮುಂದೆ ಬಿಡಿಯಾಗಿ ಬರುವುವು. ವೇದದಲ್ಲಿಯೂ ಉಪಸರ್ಗವು ಕ್ರಿಯಾಪದದಿಂದ ದೂರ ನಿಲ್ಲುವುದುಂಟು. ಆಹಾರ ವಿಹಾರಗಳೆಂಬ ಶಬ್ದಗಳು ಕನ್ನಡದಲ್ಲಿ ಬಳಕೆಯಲ್ಲಿರುವುದರಿಂದ ಈ ದೃಷ್ಟಾಂತವು ಸಂಸ್ಕೃತವನ್ನರಿಯದವನಿಗೂ ಹಿಡಿಸುವುದು.

ವಿಗ್ರಹದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 'ರೈಲ್ವೆ ಸ್ಟೇಷನ್ ಮಾಸ್ಟರ್' ಎಂಬಲ್ಲಿ ಷಷ್ಠಿಯು ಲೋಪವಾಗಿರುವುದನ್ನು ಕನ್ನಡಿಗನು ಹೇಳಿಸಿಕೊಳ್ಳದೆಯೇ ತಿಳಿಯುವನು.

ವಾಕ್ಯಯೋಜನೆಯಲ್ಲಿಯೇ ನಿಜವಾದ ಕಷ್ಟವಿರುವುದು. ಒಂದು ವಾಕ್ಯವನ್ನು ತೆಗೆದುಕೊಳ್ಳಬಹುದು: 'ದ ಕ್ಲರ್ಕ್ ಹೂ ಟುಕ್ ಮೈ ಅಪ್ಲಿಕೇಷನ್ ಯೆಸ್ಟರ್‌ಡೇ ಹ್ಯಾಸ್ ನಾಟ್ ಕಮ್ ಟುಡೇ.' ಪದಗಳ ಅರ್ಥವೆಲ್ಲ ಗೊತ್ತಿದ್ದು, ಬರೆದ ಕ್ರಮದಲ್ಲಿಯೇ ಅರ್ಥವನ್ನು ಜೋಡಿಸುತ್ತ ಹೋದವನಿಗೆ 'ಗುಮಾಸ್ತ, ಯಾರು, ತೆಗೆದುಕೊಂಡನು, ನನ್ನ ಅರ್ಜಿ, ನಿನ್ನೆ, ಬಂದಿಲ್ಲ, ಇಂದು' ಎಂದು ದೊರೆಯುವುದು. ಬಾರದಿರುವುದು ಗುಮಾಸ್ತನೋ ಅರ್ಜಿಯೋ ಎಂಬ ಸಂಶಯವೂ ಹುಟ್ಟುವುದು. ಕಾವ್ಯಪಾಠದಲ್ಲಿ ಬಳಸುವ ಖಂಡಾನ್ವಯವು ಇಲ್ಲಿ ಯಥಾವತ್ತಾಗಿ ಸಲ್ಲುವುದು. ಮೊದಲು ಮುಖ್ಯಕ್ರಿಯೆಯನ್ನು ಹಿಡಿಯಬೇಕು: ಬಂದಿಲ್ಲ. ಯಾರು ಬಂದಿಲ್ಲ? ಗುಮಾಸ್ತನು. ಎಂಥ ಗುಮಾಸ್ತನು? ತೆಗೆದುಕೊಂಡವನು. ಏನನ್ನು? ನನ್ನ ಅರ್ಜಿಯನ್ನು. ಎಂದು? ನಿನ್ನೆ. ಆಕಾಂಕ್ಷೆಯು ಹೀಗೆ ಒಂದೊಂದಾಗಿ ಪೂರ್ಣವಾಗಲು 'ನಿನ್ನೆ ನನ್ನ ಅರ್ಜಿಯನ್ನು ತೆಗೆದುಕೊಂಡ ಗುಮಾಸ್ತನು ಇಂದು ಬಂದಿಲ್ಲ' ಎಂಬ ವಾಕ್ಯವು ತಾನಾಗಿ ನಿಲ್ಲುವುದು. ಕನ್ನಡದಲ್ಲಿ ಕೃದಂತವು ವಿಶೇಷ್ಯದ ಹಿಂದೆ ನಡೆಯುವುದು, ಇಂಗ್ಲಿಷಿನಲ್ಲಿ 'ಹೂ' ಎಂಬುದು ಒಂದು ವಾಕ್ಯವನ್ನೇ ವಿಶೇಷ್ಯದ ಬೆನ್ನಿಗೆ ಕಟ್ಟುವುದು ಎಂಬುದನ್ನು ಒಮ್ಮೆ ಕಂಡವನು ನೂರು ವಾಕ್ಯಗಳನ್ನು ಬಿಡಿಸಬಲ್ಲನು. ತಿರುಗಿ ಬರೆಯುವಾಗಲೂ ಇದೇ ದಾರಿ.

ಕಾರಕಗಳ ವಿಷಯವೂ ಇಲ್ಲಿಯೇ ಸೇರಿದುದು. 'ನನಗೆ ಹಸಿವಾಗಿದೆ', 'ನನಗೆ ಇಬ್ಬರು ಮಕ್ಕಳಿದ್ದಾರೆ' ಎಂದು ಚತುರ್ಥಿಯಲ್ಲಿ ಹೇಳುವುದನ್ನು ಇಂಗ್ಲಿಷು 'ಐ ಆಮ್ ಹಂಗ್ರಿ', 'ಐ ಹ್ಯಾವ್ ಟೂ ಚಿಲ್ಡ್ರನ್' ಎಂದು ಪ್ರಥಮೆಯಲ್ಲಿ ಹೇಳುವುದು. ಇನ್ನು 'ಎ', 'ದ' ಎಂಬ ಎರಡು ಸಣ್ಣ ಪದಗಳು. ಇವುಗಳಿಗೆ ಸಮಾನವಾದುದು ಕನ್ನಡದಲ್ಲಿ ಇಲ್ಲವೆಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಅದು ಪೂರ್ತಿ ನಿಜವಲ್ಲ. ಆಡುಮಾತಿನಲ್ಲಿ 'ಪುಸ್ತಕ ತಂದ' ಎಂದರೆ ಯಾವುದೋ ಪುಸ್ತಕ. 'ಪುಸ್ತಕವನ್ನು ತಂದ' ಎಂದರೆ ಹಿಂದೆ ಮಾತಿನಲ್ಲಿ ಬಂದ ಆ ಪುಸ್ತಕವೇ ಎಂಬ ಭಾವವು ಸಾಮಾನ್ಯವಾಗಿ ತೋರುವುದು. ಇಂಗ್ಲಿಷು 'ದ' ಎಂಬ ಪದದಿಂದ ಮಾಡುವ ಕಾರ್ಯದ ಒಂದು ಭಾಗವನ್ನು ಕನ್ನಡವು ದ್ವಿತೀಯಾವಿಭಕ್ತಿಯಿಂದ ಮಾಡುತ್ತಿರುವುದೆಂದು ತೋರಿಸಿದರೆ, ವಿದ್ಯಾರ್ಥಿಯು ತಾನು ನಿತ್ಯವೂ ಆಡುವ ಭೇದವನ್ನೇ ಅಲ್ಲಿ ಗುರುತಿಸುವನು. ಭಾಷೆಯನ್ನು ಆಗಲೇ ಬಲ್ಲ ಬುದ್ಧಿಯು ವಯಸ್ಕನಿಗಿರುವ ಒಂದೇ ಬಂಡವಾಳ. ಅದನ್ನು ಉಪಯೋಗಿಸದೆ ಅವನನ್ನು ಶಿಶುವಿನಂತೆ ಚಿತ್ರಗಳಿಂದಲೂ ಊಹೆಗಳಿಂದಲೂ ನಡೆಸುವುದು ನ್ಯಾಯವಲ್ಲ.

ಆಕ್ಷೇಪಸಮಾಧಾನಕ್ಕೆ ತಕ್ಕ ಸ್ಥಳವು ಟಿ.ಎಂ.ಎ. ಪತ್ರವೇ. ಕಿರಿಯರ ಮುಂದೆ ಬಾಯಿಬಿಟ್ಟು ಕೇಳಲು ನಾಚುವವನು ಕಾಗದದ ಮೇಲೆ ನಾಚುವುದಿಲ್ಲ. ತಿದ್ದುವವರು ತಪ್ಪಿಗೆ ಗೆರೆಯೆಳೆದು ಅಂಕವನ್ನು ಹಾಕಿದರೆ ಸಾಲದು. ಮಾಡಿದ ತಪ್ಪು ಕನ್ನಡದ ಯಾವ ಪ್ರಯೋಗದಿಂದ ಹುಟ್ಟಿತೆಂದು ಒಂದು ಪಂಕ್ತಿಯನ್ನು ಅಂಚಿನಲ್ಲಿ ಬರೆಯಬೇಕು. 'ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್' ಎಂದು ಬರೆದವನಿಗೆ, ಇರುವಿಕೆಯನ್ನು ಹೇಳುವ ಕ್ರಿಯೆಯು ಇಂಗ್ಲಿಷಿನಲ್ಲಿ 'ಇಂಗ್' ಎಂಬ ಪ್ರತ್ಯಯವನ್ನು ಸಾಮಾನ್ಯವಾಗಿ ಸಹಿಸದೆಂಬ ಒಂದು ಮಾತು ಹತ್ತು ಅಂಕಗಳಿಗಿಂತ ಹೆಚ್ಚು ಪ್ರಯೋಜನಕಾರಿ.

ಬರೆಹವು ಸಾಗಿಸಲಾರದ ವಸ್ತುವೆಂದರೆ ಉಚ್ಚಾರಣೆ. ವೇದಾಂಗಗಳಲ್ಲಿ ಶಿಕ್ಷೆಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟವರು ಇದನ್ನು ಬಲ್ಲವರಾಗಿದ್ದರು. ಕನ್ನಡದಲ್ಲಿ ಬರೆದಂತೆ ಓದುವ ಅಭ್ಯಾಸವುಳ್ಳವನಿಗೆ, ಫಕಾರಕ್ಕೆ ಒಂದು ಕಡೆ 'ಪಿ ಎಚ್' ಎಂದೂ, 'ಲಾಫ್' ಎಂಬಲ್ಲಿ 'ಜಿ ಎಚ್' ಎಂದೂ ಬರೆದು, 'ಹೈ' ಎಂಬಲ್ಲಿ ಅದೇ 'ಜಿ ಎಚ್' ಮೌನವಾಗಿರುವುದು ಅನ್ಯಾಯವಾಗಿ ತೋರುವುದು ಸಹಜ. ಕನ್ನಡಲಿಪಿಯಲ್ಲಿ ಉಚ್ಚಾರಣೆಯನ್ನು ಬರೆದುಕೊಡುವುದು ಸುಲಭೋಪಾಯ, ಅದಕ್ಕೂ ಮಿತಿಯುಂಟು. ವಕಾರವು ಒಂದೇ ಇರುವುದರಿಂದ 'ವೈನ್' ಎಂದು ಬರೆದರೆ ಬಳ್ಳಿಯೋ ಮದ್ಯವೋ ಗೊತ್ತಾಗದು. ಸ್ವರಾಘಾತವಂತೂ ಲಿಪಿಯಲ್ಲಿ ಕಾಣುವುದೇ ಇಲ್ಲ. 'ರೆಕಾರ್ಡ್' ಎಂಬಲ್ಲಿ ಒತ್ತು ಮೊದಲಲ್ಲಿದ್ದರೆ ನಾಮಪದ, ಕೊನೆಯಲ್ಲಿದ್ದರೆ ಕ್ರಿಯಾಪದ. ಸ್ವರವು ಸ್ಥಾನ ತಪ್ಪಿದುದರಿಂದ 'ಇಂದ್ರಶತ್ರು' ಎಂಬ ಸಮಾಸದ ಅರ್ಥವೇ ತಿರುಗಿಬಿದ್ದ ಕಥೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ವೇದದ ಮುದ್ರಿತ ಪಾಠದಲ್ಲಿರುವಂತೆ ಅಕ್ಷರದ ಮೇಲೆ ಒಂದು ಗೆರೆಯನ್ನಿಟ್ಟರೆ ಈ ಕೊರತೆಯು ನೀಗುವುದು. ಉಳಿದುದಕ್ಕೆ ಧ್ವನಿಪ್ರಸಾರವನ್ನೂ ಸಂಪರ್ಕ ತರಗತಿಯನ್ನೂ ಆಶ್ರಯಿಸಬೇಕು. ಪರೀಕ್ಷೆಯು ಬರೆಹದಿಂದಲೇ ನಡೆಯುವುದರಿಂದ, ಬಾಯಿಬಿಡದೆಯೇ ತೇರ್ಗಡೆ ಹೊಂದುವ ಅಪಾಯವು ಹೇಗೂ ಉಳಿಯುವುದು.

ಕನ್ನಡದಲ್ಲಿ ವಿವರಿಸಿದರೆ ವಿದ್ಯಾರ್ಥಿಯು ಕನ್ನಡಕ್ಕೇ ಅಂಟಿಕೊಳ್ಳುವನು, ಇಂಗ್ಲಿಷಿನಲ್ಲಿ ಯೋಚಿಸಲಾರನು ಎಂಬ ಆಕ್ಷೇಪವು ಬಲವಾಗಿಯೇ ಇದೆ. ಟೀಕೆಯನ್ನು ಕಂಠಪಾಠಮಾಡಿ ಮೂಲವನ್ನು ಓದದೆ ಬಿಟ್ಟವರನ್ನು ಸಂಸ್ಕೃತ ಪಾಠಶಾಲೆಗಳೂ ಕಂಡಿವೆ. ಪೇಟೆಯಲ್ಲಿ ಸಿಕ್ಕುವ ಗೈಡುಗಳು ಮಾಡುತ್ತಿರುವ ಕೇಡೂ ಇದೇ; ಅವು ಸಾರಾಂಶವನ್ನು ಕೊಡುವುವು, ವಾಕ್ಯವನ್ನು ಬಿಡಿಸುವುದಿಲ್ಲ. ಆದುದರಿಂದ ಟೀಕೆಯನ್ನು ಕ್ರಮವಾಗಿ ಕುಗ್ಗುವಂತೆ ರಚಿಸಬೇಕು. ಮೊದಲ ನಾಲ್ಕೈದು ಪಾಠಗಳಿಗೆ ಐದು ಅಂಗಗಳೂ ಇರಲಿ, ಪ್ರತಿವಾಕ್ಯಕ್ಕೂ ಅನ್ವಯವಿರಲಿ. ಮುಂದಿನ ಪಾಠಗಳಲ್ಲಿ ಪದಾರ್ಥವನ್ನು ಬಿಟ್ಟು ಕೋಶವನ್ನು ನೋಡಹೇಳಿ, ದೀರ್ಘವಾಕ್ಯಗಳಿಗೆ ಮಾತ್ರ ಅನ್ವಯವನ್ನು ಕೊಟ್ಟರೆ ಸಾಕು. ಪುಸ್ತಕದ ಕೊನೆಯ ಭಾಗಕ್ಕೆ ಬರುವ ವೇಳೆಗೆ ಟೀಕೆಯಲ್ಲಿ ಆಕ್ಷೇಪಸಮಾಧಾನವೊಂದೇ ಉಳಿದು, ಅದನ್ನೂ ಸರಳವಾದ ಇಂಗ್ಲಿಷಿನಲ್ಲಿಯೇ ಬರೆಯಬಹುದು. ಇಂಥ ಟೀಕೆಯನ್ನು ಬರೆಯಲು ಇಂಗ್ಲಿಷಿನ ಅಧ್ಯಾಪಕನೊಬ್ಬನೂ ಕನ್ನಡ ವ್ಯಾಕರಣವನ್ನು ಬಲ್ಲ ಅಧ್ಯಾಪಕನೊಬ್ಬನೂ ಒಟ್ಟಿಗೆ ಕುಳಿತುಕೊಳ್ಳಬೇಕು. ಒಂದು ಪಾಠಕ್ಕೆ ಎಂಟು ಹತ್ತು ಪುಟಗಳಿಗಿಂತ ಹೆಚ್ಚು ಬೇಕಾಗದು.