ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ

ಕಡೂರು ಸೀಮೆಯಲ್ಲಿ ಈಜು ಕಲಿಸುತ್ತಿದ್ದುದು ತೋಟದ ಬಾವಿ, ಇಲ್ಲವೇ ಊರ ಕೆರೆ. ಬೆನ್ನಿಗೆ ಒಣಗಿದ ಸೋರೆಬುರುಡೆ, ಆಮೇಲಾಮೇಲೆ ಲಾರಿ ಟ್ಯೂಬು. ಹಾಗೆ ಕಲಿತವರು ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಅಂಚಿಗೆ ಬಂದರೆ ಮೊದಲು ಕಾಲು ಅದ್ದಿ ನೋಡುತ್ತಾರೆ. ನೀರು ಬೆಚ್ಚಗಿದೆ, ಅಲೆಯಿಲ್ಲ, ಸೆಳೆತವೂ ಕಾಣುತ್ತಿಲ್ಲ. ಇಳಿಯಬಹುದು ಅನ್ನಿಸುತ್ತದೆ. ಆದರೆ ಆ ಕಾಲಿಗೆ ಸಿಕ್ಕಿರುವುದು ಮೇಲಿನ ಒಂದು ಮೊಳದ ಸುದ್ದಿ ಮಾತ್ರ.

ತುಂಬಿದಾಗ ಭದ್ರಾ ಅಣೆಕಟ್ಟೆಯ ನೀರಿನ ಮಟ್ಟ 186 ಅಡಿ, ಸಂಗ್ರಹ 71 ಟಿಎಂಸಿಗೂ ಹೆಚ್ಚು. ಎರಡಾಳು ಆಳದ ಊರ ಕೆರೆಯಲ್ಲಿ ಗಾಳಿ ಬೀಸಿದರೆ ನೀರು ತಳದವರೆಗೂ ಕಲಸಿಹೋಗುತ್ತದೆ. ಇಷ್ಟು ಆಳದ ಜಲಾಶಯವನ್ನು ಕಲಸುವ ಶಕ್ತಿ ಬೇಸಿಗೆಯ ಗಾಳಿಗಿಲ್ಲ. ಬಿಸಿಲು ಕಾಯಿಸುವುದು ಮೇಲಿನ ಕೆಲವು ಮೀಟರುಗಳನ್ನಷ್ಟೆ. ಕಾದ ನೀರು ಹಿಗ್ಗಿ ಹಗುರಾಗಿ, ನೀರಿನ ಮೇಲೆ ಎಣ್ಣೆ ನಿಂತಂತೆ, ತಣ್ಣೀರಿನ ಮೇಲೆಯೇ ಉಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆಯ ದೊಡ್ಡ ಜಲಾಶಯಗಳ ಮೇಲ್ನೀರು 28–30 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ತಳದ ಕಡೆ ಅದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ.

ನಾಲ್ಕು ಡಿಗ್ರಿ ಯಾವ ಲೆಕ್ಕ ಎನ್ನಬೇಡಿ. ನೀರಿನ ಸ್ವಭಾವ ವಿಚಿತ್ರ. 4 ಡಿಗ್ರಿಯಿಂದ 8 ಡಿಗ್ರಿಗೆ ಕಾಯಿಸಿದರೆ ಒಂದು ಘನ ಮೀಟರ್ ನೀರಿನ ತೂಕ ಇಳಿಯುವುದು ನೂರಿಪ್ಪತ್ತೈದು ಗ್ರಾಂ ಆಸುಪಾಸು. ಅದೇ 24ರಿಂದ 28ಕ್ಕೆ ಹೋದರೆ ಒಂದು ಕಿಲೋಗೂ ಸ್ವಲ್ಪ ಹೆಚ್ಚು. ಅಂದರೆ ಎಂಟು ಪಟ್ಟಿಗೂ ಮೀರಿದ ವ್ಯತ್ಯಾಸ. ಯುರೋಪಿನ ಚಳಿಸೀಮೆಯ ಸರೋವರದಲ್ಲಿ ಗಾಳಿ ಸುಲಭವಾಗಿ ಅಳಿಸಿಹಾಕುವ ಅಂತರ, ಇಲ್ಲಿ ಗಟ್ಟಿಯಾದ ಪದರವಾಗಿ ವಾರಗಟ್ಟಲೆ ನಿಲ್ಲುತ್ತದೆ. ಮುಳುಗು ಹಾಕಿದವನ ಹೊಟ್ಟೆಗೆ ಥಟ್ಟನೆ ತಣ್ಣೀರು ತಾಗುವುದು ಈ ಗಡಿ ದಾಟಿದಾಗ.

ಮಳೆಗಾಲದಲ್ಲಿ ಆಟ ಬೇರೆ. ಗಂಗಾಮೂಲದ ಕಡೆಯಿಂದ ಭದ್ರೆ, ಬಾಬಾಬುಡನ್ ಗಿರಿಯ ಮಗ್ಗುಲಿಂದ ಸೋಮವಾಹಿನಿ ತಣ್ಣಗಿನ ಕೆಂಪುನೀರು ತರುತ್ತವೆ. ತಂಪಿಗೂ ಮಣ್ಣಿಗೂ ಭಾರವಾದ ಆ ನೀರು ಹಿನ್ನೀರು ಸೇರುವಲ್ಲಿ ಮೇಲ್ನೀರಿನ ಅಡಿಗೆ ನುಗ್ಗಿ, ಹಳೆಯ ನದಿಪಾತ್ರದ ಗುಂಟ ಹರಿಯಬಲ್ಲದು. ಮೇಲೆ ಎಲೆಯೊಂದು ತೇಲಿ ನಿಂತಿದ್ದರೂ ಕೆಳಗೆ ಹರಿವು ಇರಬಹುದು. ಡಿಸೆಂಬರ್–ಜನವರಿಯ ಇರುಳುಗಳಲ್ಲಿ ಮೇಲ್ನೀರು ತಣಿದು, ಭಾರವಾಗಿ ಕೆಳಗಿಳಿದು, ಇಡೀ ಜಲಾಶಯ ಹೆಚ್ಚುಕಡಿಮೆ ಒಂದೇ ಉಷ್ಣತೆಗೆ ಬರುತ್ತದೆ. ತಳದ ಮೀನಿಗೆ ಆಮ್ಲಜನಕ ಸಿಗುವುದೂ ಆಗಲೇ.

ಇನ್ನು ದೇಹದ ಮಾತು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಸಾಗಿಸುತ್ತದೆ. 26 ಡಿಗ್ರಿ ಗಾಳಿಯಲ್ಲಿ ಅಂಗಿಯಿಲ್ಲದೆ ಹರಟೆ ಹೊಡೆಯಬಹುದು. 26 ಡಿಗ್ರಿ ನೀರಿನಲ್ಲಿ ಸುಮ್ಮನೆ ನಿಂತರೆ ಸ್ವಲ್ಪ ಹೊತ್ತಿಗೆ ತುಟಿ ನಡುಗುತ್ತದೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ತಣ್ಣೀರಿಗೆ ಬಿದ್ದವರ ಉಸಿರಾಟವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಚರ್ಮ ಥಟ್ಟನೆ ತಣ್ಣಗಾದಾಗ ಮನುಷ್ಯ ತನಗರಿವಿಲ್ಲದೆ ಬಾಯ್ದೆರೆದು ಉಸಿರೆಳೆದುಕೊಳ್ಳುತ್ತಾನೆ, ಆಮೇಲೆ ಒಂದೆರಡು ನಿಮಿಷ ಏದುಸಿರು ಬಿಡುತ್ತಾನೆ. ಆ ಮೊದಲ ಉಸಿರಿನ ಹೊತ್ತಿಗೆ ತಲೆ ನೀರೊಳಗಿದ್ದರೆ ಕತೆ ಮುಗಿಯಿತು. ಈ ಆಘಾತ 25 ಡಿಗ್ರಿಯ ಕೆಳಗೆ ಶುರುವಾಗಿ 10–15ರ ನಡುವೆ ಉಗ್ರವಾಗುತ್ತದೆ. ಭದ್ರೆಯ ಹಿನ್ನೀರು ಅಷ್ಟು ತಣ್ಣಗಾಗುವುದಿಲ್ಲ. ಎಚ್ಚರ ಬೇಕಿರುವುದು ತರೀಕೆರೆ ತಾಲ್ಲೂಕಿನ ಬೆಟ್ಟದ ಹಳ್ಳಗಳಲ್ಲಿ. ಕೆಮ್ಮಣ್ಣುಗುಂಡಿಯ ಕೆಳಗಿನ ಹೆಬ್ಬೆ, ಕಲ್ಲತ್ತಿಗಿರಿಗಳಲ್ಲಿ ಡಿಸೆಂಬರ್ ಬೆಳಗ್ಗೆ ಇಳಿಯುವ ನೀರು ಕಾಡಿನ ನೆರಳಿನಲ್ಲೇ ಬಂದದ್ದು, ಬಿಸಿಲು ಕಂಡದ್ದಲ್ಲ. ಜೊತೆಗೆ ಜಲಪಾತದ ಬುಡದ ನೊರೆ ಅರ್ಧ ಗಾಳಿ. ಅದು ಮೈಯನ್ನು ನೀರಿನಷ್ಟು ಚೆನ್ನಾಗಿ ಎತ್ತಿ ಹಿಡಿಯುವುದಿಲ್ಲ.

ಹಾಗಾದರೆ ಹಿನ್ನೀರಿನಲ್ಲಿ ಅಪಾಯ ಎಲ್ಲಿ? ನೆಲದಲ್ಲಿ. ಬೇಸಿಗೆಗೆ ನೀರಿಳಿದಾಗ ತಲೆಯೆತ್ತುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಬರಿನೆಲದಲ್ಲೇ ಮೊಟ್ಟೆಯಿಡುತ್ತವೆ. ಸುತ್ತ ಒಣಗಿ ಬೆಳ್ಳಗಾದ ಮರದ ಮೋಟುಗಳು. ಇವೆಲ್ಲ ಮುಳುಗಿದ ಗುಡ್ಡಗಳ ನೆತ್ತಿಗಳು. ನೀರು ಏರಿದಾಗ ಇದೇ ನೆತ್ತಿಯ ಮೇಲೆ ಸೊಂಟಮಟ್ಟ ನೀರಿನಲ್ಲಿ ನಿಂತವನಿಗೆ ಮುಂದಿನ ಹೆಜ್ಜೆಯಲ್ಲಿ ಗುಡ್ಡದ ಇಳಿಜಾರು. ಕೆರೆಯ ಅಂಗಳ ಹಾಗಲ್ಲ, ಏರಿಯತ್ತ ನಿಧಾನಕ್ಕೆ ಆಳವಾಗುತ್ತ ಹೋಗುತ್ತದೆ. ಕೆರೆಯಲ್ಲಿ ಕಲಿತ ಕಾಲು ಅದನ್ನೇ ನಂಬಿರುತ್ತದೆ. ಮೇಲಾಗಿ ಇದು 1998ರಿಂದ ಹುಲಿ ಸಂರಕ್ಷಿತ ಪ್ರದೇಶ, ಮೊಸಳೆಗಳ ತಾವು. ಇಲ್ಲಿ ಈಜು ಬೇಡ ಅನ್ನುವುದಕ್ಕೆ ಉಷ್ಣತೆಯ ಪಾಠವೇ ಬೇಕಿಲ್ಲ, ಬಿಡಿ.

ನನಗೆ ಹೆಚ್ಚು ಆತಂಕ ಅಜ್ಜಂಪುರದ ಕಡೆಯದು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಪಂಪುಗಳಿಂದ ಮೇಲೆದ್ದು, ತರೀಕೆರೆ ತಾಲ್ಲೂಕು ದಾಟಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಸುರಂಗ ಹೊಕ್ಕು ವಾಣಿ ವಿಲಾಸ ಸಾಗರದತ್ತ ಹೋಗುತ್ತದೆ. ಹರಿವ ನೀರನ್ನು ಮಳೆ ಬಂದಾಗಷ್ಟೇ ಕಂಡಿದ್ದ ಊರುಗಳ ಪಕ್ಕದಲ್ಲೀಗ ಆಳದ ಕಾಂಕ್ರೀಟು ನಾಲೆ. ಅದರ ಗೋಡೆ ಇಳಿಜಾರು, ಮೇಲೆ ಪಾಚಿ. ಇಳಿಯಲು ಸಲೀಸು, ಹತ್ತಲು ಹಿಡಿಯೇ ಇಲ್ಲ. ಸೆಕೆಂಡಿಗೆ ಒಂದು ಮೀಟರ್ ಸಾಗುವ ನೀರು ನೋಡಲು ಮಂದಗತಿಯೇ. ಆದರೆ ಸಾಧಾರಣ ಈಜುಗಾರನ ವೇಗವೂ ಹೆಚ್ಚೆಂದರೆ ಅಷ್ಟೇ, ಎದುರು ಈಜಿದರೆ ಇದ್ದಲ್ಲೇ ಇರುತ್ತಾನೆ. ನೀರಿನ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಬಿದ್ದವರು ಹರಿವಿನ ಜೊತೆಗೇ ಅಂಗಾತ ತೇಲುತ್ತ, ಕಾಲು ಮುಂದೆ ಮಾಡಿ, ಓರೆಯಾಗಿ ದಡದ ಮೆಟ್ಟಿಲಿನತ್ತ ಸರಿಯಬೇಕು.

ದಡದಲ್ಲಿದ್ದವರು ಧುಮುಕಬಾರದು, ಒಬ್ಬರ ಹಿಂದೊಬ್ಬರು ಹೋಗುವುದು ಹೀಗೆಯೇ. ಗಂಟು ಹಾಕಿದ ಸೀರೆ, ಪಂಚೆ, ಹಗ್ಗ, ಜಲ್ಲೆ ಯಾವುದಾದರೂ ಆದೀತು. ಏನೂ ಇಲ್ಲವೆಂದರೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಎಸೆಯಿರಿ. ಅದು ಐದು ಕಿಲೋದಷ್ಟು ಭಾರ ಎತ್ತಿ ಹಿಡಿಯುತ್ತದೆ. ಮನುಷ್ಯನ ಮೈ ನೀರಿನಲ್ಲಿ ಹೆಚ್ಚುಕಡಿಮೆ ತೇಲುವಂಥದ್ದೇ. ಎತ್ತಿ ಹಿಡಿಯಬೇಕಾದ್ದು ತಲೆ, ಅದರ ತೂಕ ನಾಲ್ಕೈದು ಕಿಲೋ. ಹಿಂದಿನವರು ಬೆನ್ನಿಗೆ ಕಟ್ಟುತ್ತಿದ್ದ ಸೋರೆಬುರುಡೆ ಮಾಡುತ್ತಿದ್ದುದೂ ಇದೇ ಲೆಕ್ಕವನ್ನು.